ವರದೆಯ ದಂಡೆಯಿಂದ ಮೂರು ಹರದಾರಿ

ಪ್ಲೇಗು ಬಂದ ವರ್ಷ ನೇಕಾರ ವಿರುಪಣ್ಣನ ಹೆಂಡತಿ ನೀಲವ್ವ ಸೋಮವಾರ ಹೋದಳು. ತೊಟ್ಟಿಲಲ್ಲಿದ್ದ ಮಗ ಗುರುವಾರ ಹೋದ.

ಸರಕಾರದವರು ಬಂದು ಮನೆಯ ಹಂಚು ತೆಗೆಸಿದರು, ಒಳಗೆ ಬಿಸಿಲು ಬೀಳಲಿ ಎಂದು. ಮಗ್ಗದ ಮೇಲಿದ್ದ ಅರೆನೇಯ್ಗೆಯ ಸೀರೆಯನ್ನು ಸುಟ್ಟರು. ಊರವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು.

ವಿರುಪಣ್ಣನಿಗೆ ಉಳಿದವಳು ಆರು ವರ್ಷದ ಮಗಳು ಸಂಗಿ. ಅವಳದು ಥೇಟ್ ತಾಯಿಯ ಮುಖ. ಅವಳನ್ನು ತನ್ನ ಅಕ್ಕ ಭೀಮವ್ವನ ಗುಡಿಸಲಲ್ಲಿ ಬಿಟ್ಟು, ಅವನು ಹಿಂತಿರುಗಿ ನೋಡದೆ ನಡೆದ.

ವರದಾ ನದಿಯ ದಂಡೆಯಲ್ಲಿ ಅಡವಯ್ಯಜ್ಜನ ಪುಟ್ಟ ಮಠವಿತ್ತು. ಅಜ್ಜ ಏನೂ ಕೇಳಲಿಲ್ಲ. ರೊಟ್ಟಿ ಕೊಟ್ಟು ಹೇಳಿದ:

"ಹೊಳಿ ಮುಂದ ಹೋಗಿ ಕುಂದ್ರು. ಸಂಜೀಕ ಬಂದು ಏನು ಕಂಡಿ ಹೇಳು."

ಏಳು ದಿನ ವಿರುಪಣ್ಣ, ಏನೂ ಕಾಣಲಿಲ್ಲ ಎಂದೇ ಹೇಳಿದ.

ಎಂಟನೆಯ ದಿನ ಒಂದು ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಹರವಿ ನಿಂತಿದ್ದನ್ನು ಕಂಡ. ಮರುದಿನ ಅದಕ್ಕಾಗಿಯೇ ಬೇಗ ಹೋದ. ಆಮೇಲೆ ಮರಳಿನಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳನ್ನು ಕಂಡ, ಅವುಗಳ ಬಣ್ಣ ಮರಳಿನದೇ. ಒಂದು ದಿನ ನೀರಿಗೆ ಕಾಲು ಬಿಟ್ಟು ಕೂತಾಗ ಮೀನುಮರಿಗಳು ಬೆರಳು ಕಚ್ಚಿದವು. ತನಗೇ ಗೊತ್ತಿಲ್ಲದೆ ನಕ್ಕುಬಿಟ್ಟ.

ಅಂದು ಅಳುತ್ತ ಮಠಕ್ಕೆ ಬಂದ. ಹೆಂಡತಿ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ತಾನು ನಕ್ಕದ್ದು ಪಾಪವಲ್ಲವೇ ಎಂದು ಕೇಳಿದ.

"ಮೀನು ಕಚ್ಚಿದ್ವು, ನಕ್ಕಿ," ಎಂದ ಅಜ್ಜ. "ನಾಳೆನೂ ಹೋಗು."

ದಿನ ಕಳೆದಂತೆ ನಿದ್ದೆ ಬರತೊಡಗಿತು. ಹೊಳೆಯ ಸದ್ದು ಕೇಳುತ್ತಲೇ ಎದೆಯ ಭಾರ ಇಳಿಯುತ್ತಿತ್ತು. ಇಲ್ಲೇ ಇದ್ದುಬಿಡುತ್ತೇನೆ, ಕಾವಿ ಕೊಡಿ ಎಂದು ಅಜ್ಜನ ಕಾಲು ಹಿಡಿದ.

"ನಿನಗ ಯಾರ್ಯಾರು ಅದಾರ?" ಎಂದು ಕೇಳಿದ ಅಜ್ಜ.

"ಯಾರೂ ಇಲ್ರೀ, ಅಜ್ಜಾರ."

ಅಜ್ಜ ಕಾವಿಯ ಮಾತನ್ನು ಅಲ್ಲಿಗೇ ಬಿಟ್ಟ.

ವಾರದೊಳಗೆ ಭೀಮವ್ವನ ಗಂಡ ಹುಡುಕಿಕೊಂಡು ಬಂದ. ತಾಯಿ ಹೋದಾಗಿನಿಂದ ಸಂಗಿ ಮಾತಾಡಿಲ್ಲ, ಒಂದು ಹನಿ ಕಣ್ಣೀರು ಹಾಕಿಲ್ಲ, ಬೆಳಗಿನಿಂದ ಸಂಜೆವರೆಗೆ ಗುಡಿಸಲ ಬಾಗಿಲಲ್ಲೇ ಕೂತಿರುತ್ತಾಳೆ ಎಂದ.

ವಿರುಪಣ್ಣ ತಲೆ ತಗ್ಗಿಸಿದ. ಅಜ್ಜ ಬಯ್ಯಲಿಲ್ಲ. ಕೋಲು ತೆಗೆದುಕೊಂಡು ದಾರಿ ಹಿಡಿದ. ವಿರುಪಣ್ಣ ಹಿಂದೆ ಓಡಿದ.

ಮೂರು ಹರದಾರಿಯ ಉದ್ದಕ್ಕೂ, ಮಗಳಿಗೆ ಏನು ಹೇಳಲಿ ಎಂದು ಬೇಡಿಕೊಂಡ. ಅಜ್ಜ ಕೋಲೂರುತ್ತ ಮುಂದೆ ನಡೆಯುತ್ತಲೇ ಇದ್ದ. ಕೊನೆಗೆ ವಿರುಪಣ್ಣ ತಾನೇ ಮಾತು ಜೋಡಿಸಿಕೊಂಡ: ಅವ್ವ ದೇವರ ಹತ್ತಿರ ಇದ್ದಾಳೆ, ತಮ್ಮನೂ ಅಲ್ಲೇ ಆಡುತ್ತಿದ್ದಾನೆ.

ಸಂಗಿ ಬಾಗಿಲಲ್ಲಿದ್ದಳು. ಅಪ್ಪನನ್ನು ಕಂಡರೂ ಏಳಲಿಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ.

"ಹೊಳಿ ಮುಂದ ಕುಂತಂಗ ಕುಂದ್ರು."

ವಿರುಪಣ್ಣ ಕೂತ. ಈ ಸಲ ಮಗಳ ಮುಖವನ್ನು ನೋಡಿದ, ನೋಡುತ್ತಲೇ ಇದ್ದ. ಬಿಸಿಲು ಅಂಗಳ ದಾಟಿ ಬೇಲಿಗೆ ಹೋಯಿತು. ಸಂಗಿ ಒಂದು ಗೇಣು ಸರಿದಳು. ಮತ್ತೊಂದು ಗೇಣು. ಆಮೇಲೆ ಅಪ್ಪನ ಮಡಿಲಲ್ಲಿ ಮುಖ ಹುದುಗಿಸಿ, ಸುತ್ತಲಿನ ಗುಡಿಸಲವರೆಲ್ಲ ಹೊರಗೆ ಬರುವಂತೆ ಅತ್ತಳು.

ವಿರುಪಣ್ಣ ಗಾಬರಿಯಾಗಿ, ಸಾಕವ್ವ ಸಾಕು ಎನ್ನುತ್ತ ಅವಳ ಕಣ್ಣೊರೆಸಲು ಹೋದ. ಅಜ್ಜ ಅವನ ಕೈ ಹಿಡಿದ.

"ಅಳಲಿ ಬಿಡೋ ತಮ್ಮಾ. ನೀ ಬರ್ಲಿ ಅಂತ ಇಷ್ಟು ದಿನ ಹಿಡಕೊಂಡು ಕುಂತಿತ್ತು ಕೂಸು."