ಭೀಮಶಿಯ ಜಾಗ

ಗುರು ಎಂದರೆ ಆಶ್ರಮ ಇರಬೇಕು, ಪಕ್ಕದಲ್ಲಿ ಹೊಳೆ ಹರಿಯಬೇಕು ಎನ್ನುವವರು ಇದನ್ನು ಓದದೆ ಬಿಡಬಹುದು. ಈ ಗುರು ಇದ್ದದ್ದು ಜೈಲಿನಲ್ಲಿ. ಹೆಸರು ಮಲಕಪ್ಪ. ಜೀವಾವಧಿ ಶಿಕ್ಷೆ. ಜೈಲಿನ ಮಗ್ಗದ ಶೆಡ್ಡಿನಲ್ಲಿ ಜಮಖಾನೆ ನೇಯುವುದನ್ನು ಕಲಿಸುತ್ತಿದ್ದರು. ಅದಕ್ಕೇ ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು.

ಶಿಷ್ಯನ ಹೆಸರು ಯಮನೂರಿ. ಹೊಲದ ಬದುವಿನ ಜಗಳದಲ್ಲಿ ಬೀಸಿದ ಒಂದು ಬಡಿಗೆ ಅವನನ್ನು ಅಲ್ಲಿಗೆ ತಂದಿತ್ತು. ಮಾಡಿದ್ದು ತಪ್ಪೆಂದು ಅವನು ಎಂದೋ ಒಪ್ಪಿಕೊಂಡಿದ್ದ.

ಅವನು ಒಳಗೆ ಬಂದ ಮೇಲೆ ಮಗಳು ಹುಟ್ಟಿದಳು. ಅವಳು ಅಪ್ಪನನ್ನು ನೋಡಿದ್ದೆಲ್ಲ ಮುಲಾಖತ್ತಿನ ಕೋಣೆಯಲ್ಲಿ, ಒತ್ತಾದ ಜಾಳಿಗೆಯ ಆಚೆಯಿಂದ. ಹೋದ ಸಲ ಬಂದಾಗ ತಾಯಿಯನ್ನು ಕೇಳಿದ್ದಳು.

"ಅಪ್ಪಗ ಎಲ್ಲಾರಂಗ ಕೈ ಅದಾವೇನಬೇ?"

ಯಮನೂರಿ ಅವತ್ತೇ ಪೆರೋಲಿಗೆ ಅರ್ಜಿ ಹಾಕಿದ. ಒಂದು ಸಲ ಊರಿಗೆ ಹೋಗಬೇಕು, ಮಗಳನ್ನು ಎತ್ತಿಕೊಳ್ಳಬೇಕು, ವಾಪಸ್ ಬರಬೇಕು. ಕೇಳಿದ್ದು ಇಷ್ಟೇ.

ಮಳೆಗಾಲ ಮುಗಿಯಿತು. ಉತ್ತರ ಬರಲಿಲ್ಲ.

"ಮಾಸ್ತರ, ನನಗ ತಾಳ್ಮಿ ಕಲಸ್ರಿ," ಎಂದ.

"ಅದು ನನಗ ಬರಂಗಿಲ್ಲ."

"ಮತ್ತ ನಿಮಗ ಬರೋದರ ಏನು?"

ಮಲಕಪ್ಪ ಮಗ್ಗ ತೋರಿಸಿದರು. ಒಂದು ನೂಲು ಹರಿದಿತ್ತು.

"ಹರಿದಲ್ಲಿ ಗಂಟು ಹಾಕೋದು ಬರ್ತೈತಿ. ನಾಳೆ ಸೋಮವಾರ, ಆಫೀಸಿನಾಗ ಅರ್ಜಿ ಕೇಳೂ ದಿನ. ಹೋಗಿ ನಿಂದ್ರು."

"ಹೋದ ವಾರ ಕೇಳೀನ್ರಿ."

"ಹೋದ ವಾರದ ಗಂಟು ಹೋದ ವಾರಕ್ಕ ಆತು."

ಯಮನೂರಿ ಹೋಗಿ ನಿಂತ. ಮುಂದಿನ ಸೋಮವಾರವೂ ನಿಂತ. ಅವನ ಮುಖ ಕಂಡರೆ ಗುಮಾಸ್ತನಿಗೆ ತಲೆನೋವು ಬರುವಷ್ಟು ಸಲ ನಿಂತ. ಕೊನೆಗೆ ಆತನೇ ಬಾಯಿಬಿಟ್ಟ.

"ನಿಮ್ಮ ಬ್ಯಾರಕ್ಕಿನ ಭೀಮಶಿ ಪೆರೋಲ್ ಮ್ಯಾಲೆ ಹೋದವ ತಿರುಗಿ ಬಂದಿಲ್ಲ. ಅವ ಹಂಗ ಮಾಡಿದ ಮ್ಯಾಲೆ ಯಾರ ಫೈಲಿಗೂ ಸಹಿ ಹಾಕಾಕ ಮ್ಯಾಲಿನವರು ಅಂಜತಾರ. ಇನ್ನ ಹೋಗು."

ಈಗ ಆ ಬ್ಯಾರಕ್ಕಿನ ಸಂಗತಿ ಹೇಳಬೇಕು. ಎಷ್ಟು ಜನಕ್ಕೆಂದು ಅದನ್ನು ಕಟ್ಟಿದ್ದರೋ, ಅದರ ಮೂರು ಪಟ್ಟು ಜನ ಅಲ್ಲಿದ್ದರು. ಅಂಗಾತ ಮಲಗುವ ಭಾಗ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಒಂದೇ ಮಗ್ಗುಲಿಗೆ ಮಲಗಬೇಕು. ಭುಜ ನೋಯುತ್ತದೆಂದು ಒಬ್ಬನೇ ಹೊರಳುವಂತಿಲ್ಲ. ಮಾಸ್ತರು "ಹೊಳ್ಳ್ರೆಪಾ" ಎಂದಾಗ ಇಡೀ ಸಾಲು ಒಟ್ಟಿಗೆ ಹೊರಳಬೇಕು. ಹೊಸದಾಗಿ ಬಂದವರಿಗೆ ಪಾಯಖಾನೆಯ ಬಾಗಿಲೇ ಗತಿ.

ಅಂಥ ಬ್ಯಾರಕ್ಕಿನಲ್ಲಿ, ಗೋಡೆಯ ಪಕ್ಕ, ಒಬ್ಬ ಆಳು ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು. ಭೀಮಶಿಯ ಜಾಗ. ಮಾಸ್ತರು ಅದನ್ನು ದಿನಾ ಗುಡಿಸುತ್ತಿದ್ದರು, ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವರ ಮೇಲಿನ ಮರ್ಯಾದೆಗೆ ಜನ ಸುಮ್ಮನಿದ್ದರು. ಒಳಗೊಳಗೇ ಬೈಯುತ್ತಿದ್ದರು.

ಆಫೀಸಿನಿಂದ ಬಂದ ಯಮನೂರಿ ಸೀದಾ ಪಾಯಖಾನೆಯ ಬಾಗಿಲಿಗೆ ಹೋದ. ಅಲ್ಲಿ ಫಕೀರಜ್ಜ ಎಂಬ ಮುದುಕ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಹೊಸಬ. ಅವನ ಕೈ ಹಿಡಿದು ಕರೆತಂದು, ಭೀಮಶಿಯ ಜಾಗದಲ್ಲಿ ಅವನ ಹಾಸಿಗೆ ಹಾಸಿದ.

"ಅದು ಯಾರ ಜಾಗಾ?" ಮಲಕಪ್ಪ ಕೇಳಿದರು.

"ಯಾರದೂ ಅಲ್ಲರಿ."

"ಭೀಮಶಿದು?"

"ಅವ ಓಡಿಹೋದ."

"ಹಂಗಂತ ಯಾರು ಹೇಳಿದ್ರು?"

"ಆಫೀಸಿನಾಗ."

"ಅವರು ಬಾಯಿಲೆ ಹೇಳಿದ್ರು. ನೀ ಹಾಸಿಗಿ ಹಾಸಿ ಹೇಳಾಕತ್ತಿ."

ಯಮನೂರಿಗೆ ತಡೆಯಲಾಗಲಿಲ್ಲ.

"ಅವನ ಸಲುವಾಗಿ ನನ್ನ ಮಗಳಿಗೆ ನನ್ನ ಕೈ ಸಿಗವಲ್ದು. ಈ ಅಜ್ಜ ಹೊಲಸಿನ್ಯಾಗ ಕುಂತು ನಿದ್ದಿ ಮಾಡ್ತಾನ. ಇದ್ದವಗ ಜಾಗಾ ಇಲ್ಲ, ಓಡಿಹೋದವಗ ಐತಿ. ಇದ್ಯಾವ ನ್ಯಾಯ ಮಾಸ್ತರ?"

"ಅಜ್ಜಗ ಜಾಗಾ ಬೇಕು. ಅದು ಖರೇ."

ಮಲಕಪ್ಪ ತಮ್ಮ ಹಾಸಿಗೆ ಸುತ್ತಿದರು. ಫಕೀರಜ್ಜನನ್ನು ಎಬ್ಬಿಸಿ ತಮ್ಮ ಜಾಗದಲ್ಲಿ ಕೂರಿಸಿದರು. ಸುತ್ತಿದ ಹಾಸಿಗೆಯನ್ನು ಬಗಲಲ್ಲಿಟ್ಟುಕೊಂಡು ಹೋಗಿ ಪಾಯಖಾನೆಯ ಬಾಗಿಲಲ್ಲಿ ಹಾಸಿಕೊಂಡರು. ಭೀಮಶಿಯ ಜಾಗ ಮತ್ತೆ ಖಾಲಿಯಾಯಿತು.

ಯಮನೂರಿಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತರು. ಕಣ್ಣು ಗೋಡೆಯ ಪಕ್ಕಕ್ಕೆ ಹೋಯಿತು.

"ಜಾಗ ಇಲ್ಲ ಅಂತ ಅರ್ಜಿ ಮೇಲೆ ಅರ್ಜಿ ಬರೀತೀರಿ. ಅಲ್ಲಿ ಖಾಲಿ ಇದೆಯಲ್ಲ?"

"ಖಾಲಿ ಇಲ್ಲರಿ. ಆ ಮನಷ್ಯಾ ಊರಿಗೆ ಹೋಗ್ಯಾನ್ರಿ," ಎಂದರು ಮಲಕಪ್ಪ.

"ಅವನು ಬರೋದಿಲ್ಲ."

"ಬರ್ತಾನಂತ ನಂಬಿ ನಾವು ಇಷ್ಟು ಜಾಗಾ ಬಿಟ್ಟೀವ್ರಿ. ನೀವು ಎಷ್ಟು ಬಿಟ್ಟೀರಿ ಸಾಹೇಬ್ರ?"

ಸಾಹೇಬರು ಮುಂದಿನ ಬ್ಯಾರಕ್ಕಿಗೆ ನಡೆದರು. ಕೈದಿಗೆ ಉತ್ತರ ಕೊಡಲೇಬೇಕೆಂಬ ಹಂಗು ದೊಡ್ಡ ಸಾಹೇಬರಿಗೆ ಇರುವುದಿಲ್ಲ.

ಮುಂದಿನ ಮುಲಾಖತ್ತಿನಲ್ಲಿ ಯಮನೂರಿ ಇದನ್ನೆಲ್ಲ ಹೆಂಡತಿಗೆ ಹೇಳಿದ. ಮಾಸ್ತರಿಗೆ ತಲೆ ಕೆಟ್ಟಿದೆ ಎಂದು ಬೈದೇ ಹೇಳಿದ. ಆಕೆ ಬಸ್ಸಿನಲ್ಲಿ ಇನ್ನೊಬ್ಬಳಿಗೆ ಹೇಳಿದಳು. ಸಂತೆಯಲ್ಲಿ ಅದು ಮತ್ತೊಬ್ಬಳ ಕಿವಿಗೆ ಬಿತ್ತು. ಹೀಗೇ ಊರಿಂದೂರಿಗೆ ಹೋಗಿ ಕಬ್ಬು ಕಡಿಯುವ ಒಂದು ಗ್ಯಾಂಗಿಗೆ ಮುಟ್ಟಿತು. ಅಲ್ಲಿ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕಬ್ಬು ಕಡಿಯುತ್ತಿದ್ದವನು ಭೀಮಶಿ.

ಒಂದು ಮುಂಜಾನೆ ಅವನೇ ಬಂದು ಜೈಲಿನ ಗೇಟು ಬಡಿದ.

ಆಗಬೇಕಾದ ಶಿಕ್ಷೆ ಆಯಿತು. ಒಂಟಿ ಕೋಣೆಯಲ್ಲಿ ಇಟ್ಟರು, ಶಿಕ್ಷೆಯ ಅವಧಿಯಲ್ಲಿ ಸಿಕ್ಕಿದ್ದ ರಿಯಾಯಿತಿ ಕತ್ತರಿಸಿದರು. ಅದೆಲ್ಲ ಮುಗಿಸಿ ಬ್ಯಾರಕ್ಕಿಗೆ ಬಂದಾಗ ಯಮನೂರಿ ಅವನಿಗೆ ಅಡ್ಡ ನಿಂತ. ಹೊಡೆಯಬೇಕೆಂದೇ ನಿಂತಿದ್ದ.

"ಯಾಕ ಬರಲಿಲ್ಲಲೇ?"

"ಅವ್ವ ಜಡ್ಡಿಗೆ ಬಿದ್ದಿದ್ಳು. ಒಂದು ದಿನ ತಡಾ ಆತು. ತಡಾ ಆದ ಮ್ಯಾಲೆ ಬರಾಕ ಅಂಜಿಕಿ ಆತು. ಅಂಜಿಕೋತ ಕುಂತೆ."

"ಮತ್ತ ಈಗ್ಯಾಕ ಬಂದಿ?"

ಭೀಮಶಿ ಗೋಡೆಯ ಕಡೆ ನೋಡಿದ. ಜಾಗ ಗುಡಿಸಿ ಇಟ್ಟಂತೆಯೇ ಇತ್ತು.

"ಖರೇನ ಇಟ್ಟಾರೇನಂತ ನೋಡಾಕ ಬಂದೆ," ಎಂದ. ಹೋಗಿ ಅಲ್ಲಿ ಕೂತು ಅತ್ತುಬಿಟ್ಟ.

ಯಮನೂರಿ ಹೋಗಿ ಅವನಿಗೆ ಕುಡಿಯಲು ನೀರು ತಂದ.

ಪೆರೋಲ್ ಆಗಲೂ ತಕ್ಷಣ ಬರಲಿಲ್ಲ. ಯಮನೂರಿ ಸೋಮವಾರ ಹೋಗಿ ನಿಂತ. "ಭೀಮಶಿ ಬಂದಾನ್ರಿ. ಈಗೇನು ಅಡ್ಡಿ?" ಪೊಲೀಸ್ ವರದಿ ಬಂದಿಲ್ಲ ಎಂದರು. ಮುಂದಿನ ಸೋಮವಾರ ನಿಂತ. ವರದಿ ಬಂದಿದೆ, ಸಹಿ ಆಗಿಲ್ಲ ಎಂದರು. ಮತ್ತೆ ನಿಂತ. ಸಹಿ ಮಾಡುವವರು ರಜೆಯಲ್ಲಿದ್ದಾರೆ ಎಂದರು. ಅವನು ಕೂಗಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ರಜೆ ಎಂದು ಮುಗಿಯುತ್ತದೆ ಎಂದು ಕೇಳಿದ.

ಅವನ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತೊಬ್ಬ. ಸೋಮವಾರದ ಸಾಲು ಆಫೀಸಿನ ಮೆಟ್ಟಿಲು ಇಳಿದು ಅಂಗಳಕ್ಕೆ ಬಂತು. ಎಲ್ಲರಿಗಿಂತ ಕೊನೆಯಲ್ಲಿ ಭೀಮಶಿ ನಿಲ್ಲುತ್ತಿದ್ದ. ಅವನಿಗೆ ಇನ್ನು ಪೆರೋಲ್ ಸಿಗುವಂತಿರಲಿಲ್ಲ. ಸಾಹೇಬರು ತನ್ನ ಮುಖ ನೋಡಲಿ ಎಂದು ನಿಲ್ಲುತ್ತಿದ್ದ, ಅಷ್ಟೇ.

ಬೇಸಿಗೆಯ ಬಿಸಿಲು ಜೋರಾಗುವ ಹೊತ್ತಿಗೆ ಯಮನೂರಿಯ ಆದೇಶ ಬಂತು.

ಹೊರಡುವ ದಿನ ಬೆಳಿಗ್ಗೆ ಅವನು ತನ್ನ ಹಾಸಿಗೆ ಸುತ್ತಿ, ಪಾಯಖಾನೆಯ ಬಾಗಿಲಿಗೆ ತಂದು ಮಾಸ್ತರ ಮುಂದಿಟ್ಟ. ಫಕೀರಜ್ಜನಿಗೆ ಜಾಗ ಕೊಟ್ಟಾಗಿನಿಂದ ಅವರು ಅಲ್ಲೇ ಇದ್ದರು. ನಾತಕ್ಕೋ ತಂಪಿಗೋ ಕೆಮ್ಮು ಹತ್ತಿತ್ತು.

"ನನ್ನ ಜಾಗಾ ತಗೋರಿ ಮಾಸ್ತರ. ಇನ್ನ ಇಲ್ಲಿ ಮಲಗಬ್ಯಾಡ್ರಿ."

ಮಲಕಪ್ಪ ಹಾಸಿಗೆಯನ್ನು ಮುಟ್ಟಲಿಲ್ಲ. ಯಮನೂರಿ ಹೊರಡಲೂ ಇಲ್ಲ.

"ಇನ್ನೇನು?"

"ಒಂದು ಹೇಳಬೇಕ್ರಿ. ಮಗಳು ಒಮ್ಮೆ ನನ್ನ ಕೈ ಹಿಡದಳಂದ್ರ ಬಿಡಿಸಿಕೊಂಡು ಬರಾಕ ನನ್ನ ಕೈಲೆ ಆಗತೈತೋ ಇಲ್ಲೋ. ನನಗ ನನ್ನ ಮ್ಯಾಲೇ ನಂಬಿಗಿ ಇಲ್ಲರಿ."

ಗೇಟಿನ ಕಡೆಯಿಂದ ವಾರ್ಡರ್ ಅವನ ಹೆಸರು ಕೂಗಿದ.

ಮಲಕಪ್ಪ ಎದ್ದರು. ಹಾಸಿಗೆ ಎತ್ತಿಕೊಂಡು ಸಾಲಿನಲ್ಲಿ ಯಮನೂರಿಯ ಜಾಗಕ್ಕೆ ಹೋಗಿ, ಅದನ್ನು ಬಿಚ್ಚಿ ಹಾಸಿದರು. ಸುಕ್ಕು ಸರಿಮಾಡಿದರು. ಕೆಮ್ಮುತ್ತ ತಿರುಗಿ ಬಂದು ಪಾಯಖಾನೆಯ ಬಾಗಿಲಲ್ಲಿ ಕೂತರು.

"ನೀ ಬರೂತನಾ ನಾ ಇಲ್ಲೇ ಮಲಗಿರ್ತೀನಿ."