ಸೈಕಲ್ ಚಿತ್ರದವರಿಗೊಂದು ತಟ್ಟೆ

ಹೊಳೆ ಬಾಗುವ ಜಾಗದಲ್ಲಿ ಗೌರಕ್ಕನ ಆಶ್ರಮ. ಆಶ್ರಮ ಅನ್ನುವುದು ಜನರ ಮಾತು. ಇದ್ದದ್ದು ಒಂದು ತಗಡಿನ ಚಾವಣಿ, ಒಂದು ಒಲೆ, ಕೀಲು ಸಡಿಲವಾದ ಒಂದು ಗೇಟು.

ಗುರುವಾರ ಮಧ್ಯಾಹ್ನ ಮಕ್ಕಳನ್ನು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಉಪದೇಶವಿಲ್ಲ, ಭಜನೆಯಿಲ್ಲ. ಉಂಡು, ಹೊಳೆ ನೋಡುತ್ತ ಕೂತು, ಎದ್ದು ಹೋಗುತ್ತಿದ್ದರು.

ಊಟಕ್ಕೆ ಮೊದಲು ಒಬ್ಬರು ಗೇಟಿನಾಚೆ ನಿಂತು, "ಉಣ್ಣದವರು ಯಾರಾದರೂ ಇದ್ದೀರಾ?" ಎಂದು ಕೂಗಬೇಕು. ಇನ್ನೂ ಬಾರದವರಿಗೆಂದು ಒಂದು ತಟ್ಟೆ ಬಡಿಸಿಡಬೇಕು. ಅಲ್ಲಿ ನೇಮ ಅಂತ ಇದ್ದದ್ದು ಅದೊಂದೇ.

ಕೂಗುವ ಕೆಲಸ ಶಿಷ್ಯ ರೇವಣನದು. ಈಚೆಗೆ ಅವನು ಫೇಸ್‌ಬುಕ್ಕಿನಲ್ಲೂ ಕೂಗತೊಡಗಿದ್ದ. "ಮಗುವನ್ನು ಕಳೆದುಕೊಂಡವರು ಗುರುವಾರ ಬನ್ನಿ. ಮಾತಾಡಲೇಬೇಕೆಂದಿಲ್ಲ. ಊಟವಿದೆ."

ಬಂದವರು ಕಡಿಮೆ. ಬೈದವರು ಬಹಳ.

ಒಂದು ದಿನ ರೇವಣ ಬೀಗುತ್ತ ಬಂದ. "ಅಕ್ಕಾ, ಒಬ್ಬರ ಬಾಯಿ ಮುಚ್ಚಿಸಿದೆ."

ಗೌರಕ್ಕ ಹುರುಳಿ ಆರಿಸುತ್ತಿದ್ದಳು. "ಏನೇನು ಬಂದಿದೆ, ಓದು."

"ಬೇಡ ಅಕ್ಕಾ. ಹೊಲಸು."

"ನನ್ನ ವಯಸ್ಸಿಗೆ ಹೊಸ ಹೊಲಸು ಯಾವುದಿದೆ ತಮ್ಮಾ? ಓದು."

"'ಅಳೋಕೂ ಒಂದು ಸಂಘವಾ?'"

"ಹ್ಞೂಂ."

"'ಮುದುಕಿ ಹುಂಡಿ ಎಲ್ಲಿಟ್ಟಿದ್ದಾಳೆ?'"

ಗೌರಕ್ಕ ನಕ್ಕಳು. "ಸಿಕ್ಕರೆ ನನಗೂ ತೋರಿಸಲಿ."

"ಇವನ್ನೆಲ್ಲ ಅಳಿಸಿಬಿಡಲಾ?"

"ದಾರಿಯಲ್ಲಿ ಹೋಗುವವರು ಗೇಟು ನೋಡಿ ಏನಾದರೂ ಅನ್ನುತ್ತಾರೆ. ದಾರಿ ಅವರದೂ ಹೌದಲ್ಲ. ನೀನು ಬಾಯಿ ಮುಚ್ಚಿಸಿದ್ದು ಯಾರದು?"

"ವಾರವಾರವೂ ತಪ್ಪದೆ ಬಂದು ಒಂದೇ ಮಾತು ಬರೆಯುತ್ತಿದ್ದರು ಅಕ್ಕಾ. 'ಊಟ ಹಾಕಿದರೆ ಸತ್ತ ಮಗು ಎದ್ದು ಬರುತ್ತದಾ?'"

"ನೀನೇನಂದೆ?"

"'ನಿಮ್ಮ ಮನೆಯಲ್ಲೊಂದು ಮಗು ಇದ್ದಿದ್ದರೆ ಹೀಗೆ ಕೇಳುತ್ತಿರಲಿಲ್ಲ' ಅಂದೆ. ಎಷ್ಟು ಜನ ಮೆಚ್ಚಿದರು ಗೊತ್ತಾ! ಆಮೇಲೆ ಬ್ಲಾಕ್ ಮಾಡಿಬಿಟ್ಟೆ."

ಮೊರದ ಮೇಲೆ ಗೌರಕ್ಕನ ಕೈ ನಿಂತಿತು.

"ಹೆಸರೇನು ಅವರದು?"

"ಹೆಸರಿಲ್ಲ, ಮುಖವೂ ಇಲ್ಲ. ಹೆಸರಿರಬೇಕಾದಲ್ಲಿ ಎರಡು ಅಕ್ಷರ, ಮುಖ ಇರಬೇಕಾದಲ್ಲಿ ಒಂದು ಸೈಕಲ್ಲಿನ ಚಿತ್ರ."

"ಎಂಥ ಸೈಕಲ್ಲು?"

"ಸಣ್ಣದು. ಹಿಂದಿನ ಗಾಲಿಯ ಅಕ್ಕಪಕ್ಕ ಪುಟ್ಟ ಗಾಲಿಗಳು ಇರುತ್ತವಲ್ಲ, ಬೀಳದ ಹಾಗೆ..."

"ಅದರ ಮೇಲೆ ಯಾರು ಕೂತಿದ್ದರು?"

"ಯಾರೂ ಇಲ್ಲ, ಅಕ್ಕಾ."

ಗೌರಕ್ಕ ಮತ್ತೆ ಹುರುಳಿಯಲ್ಲಿ ಕಲ್ಲು ಹುಡುಕತೊಡಗಿದಳು. ಸಿಕ್ಕಿದ ಕಲ್ಲೊಂದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು. "ಮಗಳನ್ನು ಮಣ್ಣು ಮಾಡಿ ನೀನು ಮೊದಲ ಸಲ ಇಲ್ಲಿಗೆ ಬಂದಾಗ ಏನು ಮಾಡಿದೆ?"

"ತಟ್ಟೆ ಒದ್ದೆ."

"ಒದ್ದು ಏನಂದೆ?"

"'ಇದನ್ನು ತಿಂದರೆ ನನ್ನ ಚುಕ್ಕಿ ಬರುತ್ತಾಳಾ' ಅಂದೆ."

"ನಾನೇನಂದೆ?"

"'ಬರುವುದಿಲ್ಲ. ಸಾರು ಆರುತ್ತದೆ, ಕೂತುಕೋ' ಅಂದಿರಿ."

ರೇವಣ ಫೋನು ತೆಗೆದ. ಬ್ಲಾಕ್ ತೆಗೆದ. ಹುಡುಕಿದ, ಮತ್ತೆ ಹುಡುಕಿದ.

"ಖಾತೆಯೇ ಇಲ್ಲ ಅಕ್ಕಾ. ಅಳಿಸಿಕೊಂಡು ಹೋಗಿಬಿಟ್ಟಿದ್ದಾರೆ."

"ನಿನ್ನ ಜಾಣಮಾತು?"

"ಅದು ಹಾಗೇ ಇದೆ. ಇನ್ನೂ ಮೆಚ್ಚುತ್ತಿದ್ದಾರೆ."

ಅವನು ಅದನ್ನು ಅಳಿಸಿದ. ಬಹಳ ಹೊತ್ತು ಕೂತು ಹೊಸದಾಗಿ ಬರೆದ. "ಸೈಕಲ್ ಚಿತ್ರದವರೇ, ಮಗು ಬರುವುದಿಲ್ಲ. ನನ್ನ ಮಗಳೂ ಬರಲಿಲ್ಲ. ನಾನು ಆಡಬಾರದ ಮಾತು ಆಡಿದೆ. ಗುರುವಾರ ಸಾರು ಬಿಸಿಯಾಗಿರುತ್ತದೆ."

ಹಾಕಿ ಮುಗಿಸುವಷ್ಟರಲ್ಲಿ ಅದರ ಕೆಳಗೆ ಯಾರೋ ಬರೆದರು. "ನಾಟಕ ಕಂಪನಿ ಚೆನ್ನಾಗಿದೆ."

ರೇವಣ ಓದಿದ. ಫೋನನ್ನು ಜೇಬಿಗಿಟ್ಟುಕೊಂಡ.

ಗುರುವಾರ ಬಂತು. ರೇವಣ ಗೇಟಿನಾಚೆ ನಿಂತು ಕೂಗಿದ. ಒಳಗೆ ಎಲ್ಲರೂ ಉಂಡರು, ಹೊಳೆ ನೋಡಿದರು, ಹೋದರು. ಅವನು ನಿಂತೇ ಇದ್ದ. ದಾರಿಯಲ್ಲಿ ಯಾರಾದರೂ ಕಂಡರೆ ಒಂದು ಹೆಜ್ಜೆ ಮುಂದಿಡುತ್ತಿದ್ದ. ಅವರು ದಾಟಿ ಹೋದ ಮೇಲೆ ಹಿಂದಿಡುತ್ತಿದ್ದ.

ಬಿಸಿಲು ಇಳಿದ ಮೇಲೆ ಒಳಗೆ ಬಂದು, ಬಡಿಸಿಟ್ಟ ತಟ್ಟೆಯ ಎದುರು ಕೂತ. ಸಾರಿನ ಮೇಲೆ ಕೆನೆಯಂಥ ಪದರ ಕಟ್ಟಿತ್ತು.

"ಅಕ್ಕಾ, ಅವರು ಬರದೇ ಹೋದರೆ?"

ಗೌರಕ್ಕ ತಟ್ಟೆಯ ಅಂಚು ಮುಟ್ಟಿ ನೋಡಿದಳು.

"ಸಾರು ಆರುತ್ತದೆ ತಮ್ಮಾ. ಮತ್ತೆ ಕಾಯಿಸು."