ಅರ್ಧ ಸುಲಿದ ತೇಗ

ಕೆಂದ ಎಂಬ ಎತ್ತಿಗೆ ತನ್ನ ಗೋದಲಿ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವನು ಹಗ್ಗ ಹರಿದುಕೊಂಡು ಕಾಡು ಹೊಕ್ಕ. ಅಲ್ಲಿ ಮುದಿ ಕಾಡೆಮ್ಮೆಯೊಬ್ಬಳು ತೇಗದ ಮರದ ತೊಗಟೆ ಸುಲಿದು ಅಗಿಯುತ್ತಿದ್ದಳು. ಕೆಂದನಿಗೆ ಸೋಜಿಗವಾಯಿತು.

“ಇದೇನಜ್ಜೀ, ಮರ ತಿನ್ನುತ್ತೀಯಲ್ಲ! ನಿನಗೆ ಹುಲ್ಲು ಸೇರುವುದಿಲ್ಲವೇ?”

“ಮಳೆಗಾಲದಲ್ಲಿ ಹುಲ್ಲೇ ತಿನ್ನುತ್ತೇನೆ ಮಗಾ. ಚಳಿಗಾಲಕ್ಕೆ ಬಿದಿರಿನ ಎಲೆ, ಉದುರಿದ ಕಾಯಿ. ಈಗ ಕಾಡು ಕೊಡುವುದು ಇಷ್ಟೇ.”

ಇಷ್ಟು ಹೇಳಿದವಳು ಮರದ ಒಂದು ಮಗ್ಗುಲು ಮುಗಿಸಿ ಮುಂದಕ್ಕೆ ಹೊರಟೇಬಿಟ್ಟಳು. ನೋಡಿದರೆ ಅವಳ ಪಕ್ಕೆಲುಬು ಎಣಿಸಬಹುದಿತ್ತು. ಗೋದಲಿಯ ತಳ ನೆಕ್ಕದೆ ಎಂದೂ ತಲೆಯೆತ್ತದ ಕೆಂದನಿಗೆ ಇದು ಬಗೆಹರಿಯಲಿಲ್ಲ.

“ಹೊಟ್ಟೆ ತುಂಬುವ ಮೊದಲೇ ಅರ್ಧಕ್ಕೆ ಬಿಟ್ಟೆಯಲ್ಲ? ನಿನಗೆ ಬೇಡವಾದರೆ ಆಚೆ ಮಗ್ಗುಲು ನಾನು ತಿನ್ನಲೇ?”

“ಹೋಗಿ ನೋಡು. ನೋಡಿದ ಮೇಲೂ ಬೇಕೆನಿಸಿದರೆ ತಿನ್ನು.”

ಕೆಂದ ಮರವನ್ನು ಬಳಸಿ ಹೋದ. ಆಚೆ ಮಗ್ಗುಲಲ್ಲಿ ಹೊಸ ತೊಗಟೆ ದಪ್ಪಗೆ ಕೂಡಿಕೊಂಡಿತ್ತು. ಅದರ ಅಂಚಿನಲ್ಲಿ ಹಳೆಯ ಹಲ್ಲಿನ ಗುರುತು ಇನ್ನೂ ಕಾಣುತ್ತಿತ್ತು.

“ಇದನ್ನು ತಿಂದವರು ಯಾರು?”

“ನಮ್ಮವ್ವ. ಆ ಬೇಸಿಗೆಯಲ್ಲಿ ನಾನು ಅವಳ ಹೊಟ್ಟೆಯಲ್ಲಿದ್ದೆ. ಸುತ್ತಲೂ ಸುಲಿದರೆ ಮರ ಸಾಯುತ್ತದೆಂದು ಅವಳಿಗೆ ಗೊತ್ತಿತ್ತು. ಎರಡು ಜೀವದ ಹಸಿವಿದ್ದರೂ ನಾನು ಈಗ ತಿಂದ ಮಗ್ಗುಲನ್ನು ಮುಟ್ಟದೆ ಹೋದಳು.”

ಕೆಂದ ಚಾಚಿದ್ದ ನಾಲಿಗೆಯನ್ನು ಒಳಗೆಳೆದುಕೊಂಡು ಅವಳ ಹಿಂದೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ:

“ಮುಂದಿನ ಮರದಲ್ಲಿ ಎಷ್ಟು ಬಿಡಬೇಕು, ಅಜ್ಜೀ?”